ಹಳದಿ ಅಕ್ಷರದ ಸ್ಟೆಪ್ನಿ

ಗಾಡಿ ಎದುರಿಗೆ ಬಂದರೆ ಎಲ್ಲರೂ ಅದರ ಮುಖ ನೋಡುತ್ತಾರೆ. ನಾನು ಅದು ದಾಟಿ ಹೋಗುವ ತನಕ ಕಾದು ಬೆನ್ನು ನೋಡುತ್ತೇನೆ. ಸ್ಟೆಪ್ನಿ ಎಲ್ಲಿ ಕಟ್ಟಿದ್ದಾರೆ, ಅದರಲ್ಲಿ ಗಾಳಿ ಇದ್ದಂತಿದೆಯೋ ಇಲ್ಲವೋ, ಅದರ ಮೈಮೇಲೆ ಏನಾದರೂ ಬರೆದಿದೆಯೋ. ಕನ್ನಡ ಸಾಲಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತಳಾದ ಹೆಂಗಸಿಗೆ ಇದೆಂಥ ಚಟ ಎಂದು ನಮ್ಮವರು ಮೊದಲು ನಗುತ್ತಿದ್ದರು. ಈಗ ನಗುವುದಿಲ್ಲ. ಈ ಚಟ ನನಗೆ ಯಾರಿಂದ ಅಂಟಿತು, ಯಾಕೆ ಬಿಡುತ್ತಿಲ್ಲ ಎಂಬುದು ಅವರಿಗೂ ಗೊತ್ತು.

ಅಂಟಿಸಿದವರು ಹೋದ ತಿಂಗಳು ತೀರಿಕೊಂಡರು. ಗೋಕಾಕದಿಂದ ಫಾಲ್ಸಿಗೆ ಹೋಗುವ ರಸ್ತೆಯ ಬದಿಗೆ, ಹುಣಸೆ ಮರದ ಕೆಳಗೆ, ಅವರ ಟೈರಿನ ಅಂಗಡಿ ಇತ್ತು. ಅವರ ಹೆಸರು ಬರೆಯುವುದಿಲ್ಲ. ಆ ಹೆಸರಿಗೆ ಒಮ್ಮೆ ಮಸಿ ಹತ್ತಿದ್ದು ನನ್ನಿಂದಲೇ. ಮತ್ತೆ ಅದನ್ನು ಮುಟ್ಟಲು ಕೈ ಬರುವುದಿಲ್ಲ. ಲಾರಿಯವರು ಚಾಚಾ ಅನ್ನುತ್ತಿದ್ದರು. ನನಗಿಂತ ಎರಡು ವರ್ಷ ಚಿಕ್ಕವರೇ ಇದ್ದರು, ಆದರೂ ಕೇಳಿ ಕೇಳಿ ನನ್ನ ಬಾಯಿಗೂ ಚಾಚಾನೇ ಬಂತು. ಅವರು ನನಗೆ ಅಕ್ಕೋರ ಅನ್ನುತ್ತಿದ್ದರು, ನಮ್ಮ ಕಡೆ ಸಾಲಿಯ ಟೀಚರನ್ನು ಕರೆಯುವ ಹಾಗೆ.

ಗೋರಂಟಿ ಹಚ್ಚಿದ ಕೆಂಪು ಗಡ್ಡ, ದಾರದಿಂದ ಕೊರಳಿಗೆ ಕಟ್ಟಿಕೊಂಡ ಚಸ್ಮಾ, ಯಾವಾಗಲೋ ರಿಮ್ಮಿನಡಿ ಸಿಕ್ಕು ಕಪ್ಪಾಗಿ ಉಳಿದ ಎಡಗೈ ಹೆಬ್ಬೆರಳಿನ ಉಗುರು. ಟೈರು ಯಾವುದೇ ಬರಲಿ, ಕಣ್ಣಿಗಿಂತ ಮೊದಲು ಕಿವಿಯಿಂದ ನೋಡುತ್ತಿದ್ದರು. ನಟ್ಟು ಬಿಚ್ಚುವ ಪಾನಾದಿಂದ ಒಂದು ಪೆಟ್ಟು ಹಾಕಿ, ತಲೆ ವಾರೆ ಮಾಡಿ, ಒಳಗಿನಿಂದ ಯಾರೋ ಉತ್ತರ ಕೊಡುತ್ತಾರೆ ಎಂಬಂತೆ ಕಾಯುತ್ತಿದ್ದರು. ಆಮೇಲೆ ಹೆಬ್ಬೆರಳಿನಿಂದ ಒತ್ತುವುದು, ಮೂಸಿ ನೋಡುವುದು. ಮೂಸುವುದನ್ನು ಕಂಡು ನಾನು ಮೊದಲ ದಿನ ನಕ್ಕಿದ್ದೆ. ಆ ಮೂಗು ಒಂದು ದಿನ ನನ್ನನ್ನೇ ಹಿಡಿಯುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಅವರ ಅಂಗಡಿಗೆ ನಾವು ಹೋಗಿದ್ದು ನಮ್ಮ ಯಜಮಾನರ ಹುಚ್ಚಿನಿಂದ. ನಮ್ಮವರು ಫಾಲ್ಸಿನ ಗಿರಣಿಯ ವರ್ಕಶಾಪಿನಲ್ಲಿ ಮಿಸ್ತ್ರಿಯಾಗಿದ್ದು ನಿವೃತ್ತರಾದವರು. ಕೈ ಸುಮ್ಮನಿರಲಿಲ್ಲ. ಹಳ್ಳಿ ಹಳ್ಳಿಗೆ ಔಷಧ ಒಯ್ಯುತ್ತಿದ್ದ ಒಂದು ಹಳೆಯ ವ್ಯಾನನ್ನು ಹರಾಜಿನಲ್ಲಿ ಹಿಡಿದು ತಂದರು. ಒಳಗೆ ಎರಡು ಹಲಗೆಯ ಮಂಚ, ಒಂದು ಮೂಲೆಗೆ ಒಲೆ ಇಡುವ ಪೆಟ್ಟಿಗೆ, ನೀರಿನ ಡ್ರಮ್ಮು, ಕಿಟಕಿಗೆ ನನ್ನ ಹಳೆಯ ಸೀರೆಯ ಪರದೆ. ಬಾದಾಮಿ, ಪಂಢರಪುರ, ಕೊಲ್ಲಾಪುರ, ಎಲ್ಲಿ ಬೇಕಾದಲ್ಲಿ ನಿಲ್ಲಿಸಿ, ಅಲ್ಲೇ ಅಡಿಗೆ, ಅಲ್ಲೇ ನಿದ್ದೆ. ಓಣಿಯವರು ಅದಕ್ಕೆ ಗಾಡಿಮನಿ ಎಂದು ಹೆಸರಿಟ್ಟರು. ಕಟ್ಟಿದ ಮನೆ ಬಿಟ್ಟು ಗಾಲಿಯ ಮೇಲೆ ಮಲಗುವವರು ಯಾವ ಜಾತಿಯ ಜನ ಎಂದು ನನ್ನ ತವರು ಮೇಲವಂಕಿಯಿಂದಲೂ ಕೇಳಿ ಕಳಿಸಿದರು.

ಹೊರಡುವ ಮುನ್ನ ಗಾಳಿ ಹಾಕಿಸಲು ಗಾಡಿಮನಿಯನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿದೆವು. ಚಾಚಾ ಓಡುವ ನಾಲ್ಕು ಗಾಲಿಗಳ ಕಡೆ ನೋಡಲೇ ಇಲ್ಲ.

"ನಾಕು ಇರಲಿ ಬಿಡ್ರಿ ಮಿಸ್ತ್ರಿಯವರ. ಐದನೇದು ತೋರಸ್ರಿ," ಅಂದರು.

ನಮ್ಮವರು ಹೆಮ್ಮೆಯಿಂದ ಮಂಚದಡಿಯಿಂದ ಸ್ಟೆಪ್ನಿ ಎಳೆದರು. ಯಾವುದೋ ಬೇರೆ ಗಾಡಿಯದು, ಅಗ್ಗಕ್ಕೆ ಸಿಕ್ಕಿತ್ತು, ರಿಮ್ಮಿನ ತೂತು ಸರಿಯಾಗಿ ಕೂಡುತ್ತಿದ್ದವು. ಚಾಚಾ ಜೇಬಿನಿಂದ ಒಂದು ದಾರ ತೆಗೆದು ಓಡುವ ಗಾಲಿಯ ಸುತ್ತ ಸುತ್ತಿದರು, ಗಂಟು ಹಾಕಿ ಗುರುತು ಮಾಡಿಕೊಂಡು ಅದೇ ದಾರ ಸ್ಟೆಪ್ನಿಯ ಸುತ್ತ ಸುತ್ತಿದರು. ದಾರ ನಾಲ್ಕು ಬೆರಳು ಉಳಿಯಿತು. ಉಳಿದ ತುದಿಯನ್ನು ನಮ್ಮವರ ಕೈಗೆ ಕೊಟ್ಟು, "ಒಂದ ಕಾಲಾಗ ಬೂಟು, ಒಂದ ಕಾಲಾಗ ಚಪ್ಪಲಿ ಹಾಕ್ಕೊಂಡು ಪಂಢರಪುರಕ್ಕ ಹೊಂಟಂಗಾತು ನೋಡ್ರಿ," ಅಂದರು. ತೂತು ಕೂಡಿದ ಮಾತ್ರಕ್ಕೆ ಸ್ಟೆಪ್ನಿ ಆಗುವುದಿಲ್ಲ, ಉಳಿದ ನಾಲ್ಕರ ಎತ್ತರ ಅದಕ್ಕೂ ಇರಬೇಕು, ಹೊರುವ ತೂಕ ಅಷ್ಟೇ ಇರಬೇಕು. ಒಳಗೆ ಮಂಚ, ನೀರು, ಎರಡು ಜೀವ ಹೇರಿದ ಹಳೆಯ ಗಾಡಿಗೆ ಇನ್ನೂ ಒಂದು ಗುಂಜಿ ಹೆಚ್ಚೇ ಇರಲಿ ಎಂದು ಬಿಡಿಸಿ ಹೇಳಿದರು. ಆಮೇಲೆ ನನ್ನನ್ನು ಕರೆದು ಟೈರಿನ ಬದಿಯಲ್ಲಿ ಉಬ್ಬಿದ ನಾಲ್ಕು ಅಂಕಿ ಓದಿಸಿದರು. ಮೊದಲೆರಡು ಹುಟ್ಟಿದ ವಾರ, ಉಳಿದೆರಡು ಹುಟ್ಟಿದ ವರ್ಷವಂತೆ. ನನ್ನ ಸೇವಾ ಪುಸ್ತಕದಲ್ಲೂ ಅಷ್ಟು ಕರಾರುವಾಕ್ಕಾಗಿ ಇರಲಿಲ್ಲ. ನೆಲಕ್ಕೆ ತಾಗುವ ಕಡೆಯ ಹೂವು ಸವೆದಿಲ್ಲವಲ್ಲ, ಹೊಸದರ ಹಾಗೇ ಇದೆಯಲ್ಲ ಎಂದು ನಾನು ವಾದಿಸಿದೆ. ಓಡದೆ ನೆರಳಲ್ಲಿ ಕುಳಿತರೂ ರಬ್ಬರಿಗೆ ವಯಸ್ಸಾಗುತ್ತದೆ, ಒಳಗಿಂದೊಳಗೇ ಬಿರಿಯುತ್ತದೆ, ಕರೆದ ದಿನ ಕೈ ಕೊಡುತ್ತದೆ ಎಂದರು.

ಸ್ಟೆಪ್ನಿ ಆರಿಸಿದ ಮೇಲೆ ಅದನ್ನು ಎಲ್ಲಿ ಹೊರುವುದು ಎಂಬ ಪಂಚಾಯ್ತಿ ಶುರುವಾಯಿತು. ನಮ್ಮವರಿಗೆ ಲಾರಿಯ ಹಾಗೆ ಟಾಪಿನ ಮೇಲೆ ಕಟ್ಟಬೇಕು. ಚಾಚಾ ಬೇಡ ಅನ್ನಲಿಲ್ಲ. ಹಾಗಾದರೆ ಒಮ್ಮೆ ಎತ್ತಿ ಇಡಿರಿ ಅಂದರು. ಅರವತ್ತು ದಾಟಿದ ನಮ್ಮವರು ಎದೆಯ ತನಕ ಎತ್ತಿ, ಕೆಂಪಾಗಿ, ಇಳಿಸಿದರು. ಚಾಚಾ ಚಹಾ ಹೇಳಿದರು. ಹಿಂದಿನ ಬಾಗಿಲಿಗೆ ಬಿಗಿಯೋಣವೆಂದರೆ ಅದರ ಕೀಲು ತುಕ್ಕು ಹಿಡಿದಿತ್ತು. ಗುಳಿಗೆ ಪೆಟ್ಟಿಗೆ ಹೊತ್ತ ಬಾಗಿಲು ಗಾಲಿ ಹೊರಲಾರದು. ಮಂಚದಡಿ ಇಟ್ಟರೆ ಪಂಕ್ಚರಾದಾಗ ಹಾಸಿಗೆ, ಹಿಟ್ಟಿನ ಡಬ್ಬಿ ಎಲ್ಲ ರಸ್ತೆಗೆ ಇಳಿಸಬೇಕು. ಗಾಡಿಯ ಹೊಟ್ಟೆಯ ಕೆಳಗೆ ನೇತುಹಾಕಿದರೆ ಕಬ್ಬಿನ ಗದ್ದೆಯ ದಾರಿಯ ಕೆಸರು ಸರಪಳಿಯನ್ನು ತಿನ್ನುತ್ತದೆ, ಬಿಚ್ಚಲು ಮಲಗಬೇಕು. ಕೊನೆಗೆ ಬಾಜೂ ಅಂಗಡಿಯ ವೆಲ್ಡಿಂಗಿನವನನ್ನು ಕರೆದು, ಬಾಗಿಲಿಗಲ್ಲ, ಕೆಳಗಿನ ಚಾಸಿಗೇ ಒಂದು ಕಬ್ಬಿಣದ ತೋಳು ಕೂಡಿಸಿದರು. ಸ್ಟೆಪ್ನಿ ಹಿಂದೆ ನನ್ನ ಸೊಂಟದೆತ್ತರಕ್ಕೆ ನಿಂತಿತು. ಒಂದು ಪಿನ್ನು ತೆಗೆದರೆ ತೋಳು ಪಕ್ಕಕ್ಕೆ ತಿರುಗುತ್ತಿತ್ತು, ಬಾಗಿಲು ತೆರೆಯುತ್ತಿತ್ತು. ಬಂದವರು ಹೋದವರು ಎಲ್ಲರ ಕಣ್ಣಿಗೆ ಬೀಳುವ ಜಾಗ.

ಹೊರಡಲು ಬಿಡಲಿಲ್ಲ. ಗಾಲಿ ಬಿಚ್ಚಿ ಹಾಕಿ ತೋರಿಸಬೇಕು ಅಂದರು. ನಮ್ಮವರು ಬಿಚ್ಚಿದರು. ನಂತರ ನನ್ನ ಕಡೆ ತಿರುಗಿ, "ಅಕ್ಕೋರ, ಈಗ ನೀವು," ಅಂದರು. ಲಾರಿಯವರ ಎದುರಿಗೆ ಸೀರೆಯ ನೆರಿಗೆ ಸಿಕ್ಕಿಸಿ, ಪಾನಾದ ಮೇಲೆ ಎರಡೂ ಕಾಲಿಟ್ಟು ಹತ್ತಿ ನಿಂತು, ನಾನು ನಟ್ಟು ಸಡಿಲಿಸಿದೆ. ಒಬ್ಬ ಕಿಸಕ್ಕೆಂದ. ಚಾಚಾ ಅವನ ಕಡೆ ನೋಡಿ, ಅವನ ಲಾರಿಯ ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದಷ್ಟೇ ಕೇಳಿದರು. ಅವನು ಅಲ್ಲಿಂದ ಎದ್ದು ಹೋದ.

ಇನ್ನು ಅವರ ಹಳದಿ ಅಕ್ಷರ. ಇದನ್ನು ಹೇಳಿದರೆ ಅವರನ್ನು ಹೇಳಿದಂತೆ.

ಹಳೆಯ ಟೈರು ಮಾರುವವರು ಅದಕ್ಕೆ ಕಪ್ಪು ಬಳಿದು ಮಿಂಚಿಸುತ್ತಾರೆ. ಚಾಚಾ ಅದರ ಊನವನ್ನು ಹಳದಿ ಆಯಿಲ್ ಪೇಂಟಿನಲ್ಲಿ ಅದರ ಮೈಮೇಲೇ ಬರೆಯುತ್ತಿದ್ದರು. ಒಂದರ ಮೇಲೆ "ಮುಂದ ಹಾಕಬ್ಯಾಡ". ಇನ್ನೊಂದರ ಮೇಲೆ "ಖಾಲಿ ಗಾಡಿಗೆ". ತೀರ ಬಡವಾದದ್ದರ ಮೇಲೆ "ಊರ ಮಟ ಅಷ್ಟ", ಅಂದರೆ ಹತ್ತಿರದ ಊರು ಮುಟ್ಟುವ ತನಕ ಮಾತ್ರ ಇದನ್ನು ನಂಬು, ಅಲ್ಲಿ ತೆಗೆದುಬಿಡು. ಹೀಗೆ ಬರೆದರೆ ಯಾರು ಕೊಳ್ಳುತ್ತಾರೆ ಎಂದು ಮೊದಮೊದಲು ನಕ್ಕವರೇ ಕಡೆಗೆ ಮೂಡಲಗಿಯಿಂದ, ಕೌಜಲಗಿಯಿಂದ ಹುಡುಕಿಕೊಂಡು ಬಂದರು. ಚಾಚಾ ಬರೆಯದೆ ಕೊಟ್ಟ ಟೈರು ಅಂದರೆ ಕಣ್ಣು ಮುಚ್ಚಿ ಹಾಕಬಹುದು. ಬರೆದು ಕೊಟ್ಟದ್ದು ಎಲ್ಲಿಯ ತನಕ ಓಡುತ್ತದೆ ಎಂದು ಗೊತ್ತು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು ನಿಂತರೆ ಅಲ್ಲಲ್ಲಿ ಹಳದಿ ಅಕ್ಷರ ಕಾಣುತ್ತಿತ್ತು.

ಅವರು ಕಲಿತದ್ದು ಉರ್ದು ಸಾಲಿಯಲ್ಲಿ, ಅದೂ ನಾಲ್ಕನೆಯತ್ತೆ, ನಾಲ್ಕನೆಯ ತರಗತಿಯ ತನಕ. ಕನ್ನಡವನ್ನು ಲಾರಿಯ ಹಿಂದಿನ ಬರಹ ನೋಡಿ ನೋಡಿ ಕಲಿತಿದ್ದರು. ಅಕ್ಷರ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಒಮ್ಮೆ ನಾನು ಸುಮ್ಮನಿರಲಾರದೆ ಬ್ರಶ್ಶು ಕಸಿದುಕೊಂಡು, ಟೈರಿನ ದುಂಡಿಗೆ ಸರಿಯಾಗಿ ಅಕ್ಷರ ಹೇಗೆ ಬಾಗಿಸಬೇಕು ಎಂದು ತೋರಿಸಿದೆ. ಅವತ್ತಿನಿಂದ ನಮ್ಮ ಗಾಡಿ ಹೋದಾಗಲೆಲ್ಲ ಒಂದು ಹಳೆಯ ಟೈರು ಹೊರಳಿಸಿಕೊಂಡು ಬಂದು ನನ್ನೆದುರು ನಿಲ್ಲಿಸಿ, ಚಸ್ಮಾದ ಮೇಲಿಂದ ನೋಡುತ್ತಿದ್ದರು. ಬರೆದ ಪಾಟಿ ತೋರಿಸಲು ಬಂದ ಒಂದನೆಯತ್ತೆಯ ಕೂಸಿನ ಮುಖ. "ಛೊಲೋ ಆಗೇತಿ" ಅಂದರೆ ಕಿವಿಯ ತನಕ ನಗೆ. ವರ್ಷದಲ್ಲಿ ಅವರ ಅಕ್ಷರ ಥೇಟ್ ನನ್ನ ಕೈಬರಹವಾಯಿತು. ತಾಲೂಕಿನ ಅರ್ಧ ಟ್ರ್ಯಾಲಿಗಳ ಮೇಲೆ ನನ್ನ ಅಕ್ಷರ ಓಡಾಡುತ್ತಿದೆ ಎಂದು ನಾನು ಬೀಗುತ್ತಿದ್ದೆ.

ಬೀಗುವುದಕ್ಕೆ ಆಗ ಕಾರಣಗಳು ಬಹಳ ಇದ್ದವು. ಹನ್ನೊಂದು ವರ್ಷದ ಹಿಂದೆ ನಮ್ಮ ಒಬ್ಬಳೇ ಮಗಳನ್ನು ಹುಕ್ಕೇರಿಗೆ ಕೊಟ್ಟೆವು. ದೊಡ್ಡ ಮನೆತನ, ಬೀಗರದು ಬಟ್ಟೆಯ ಅಂಗಡಿ. ಅಳಿಯನ ತಂದೆ ಮಾತುಗಾರರು, ನಗಿಸುವವರು; ಆದರೆ ಅವರ ತಮ್ಮನ ಮಾತು ಚುಚ್ಚುವ ಜಾತಿಯದು. ಮದುವೆಯಲ್ಲಿ ನಮ್ಮ ಕಡೆಯ ಪಂಕ್ತಿಯಲ್ಲಿ ತುಪ್ಪ ತಡವಾಯಿತೆಂದು ಅವನು ಆಡಿದ್ದನ್ನು ಮಗಳು ಎರಡು ತಿಂಗಳು ಕೇಳಿಸಿಕೊಂಡಳು. ಅಷ್ಟರಲ್ಲಿ ಬೀಗರು ಗಾಡಿಮನಿಯ ಸುದ್ದಿ ಕೇಳಿ, ಅದರಲ್ಲೇ ಕೂತು ಗೋಕಾಕಕ್ಕೆ ಬಂದು ಫಾಲ್ಸ್ ನೋಡಬೇಕು ಎಂದು ಹೇಳಿಕಳಿಸಿದರು. ಮದುವೆಯಾದ ಮೇಲೆ ಬೀಗರು ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬರುವುದು. ನಾನು ಎಂಟು ದಿನದಿಂದ ಹೂರಣಕ್ಕೆ ಬೇಳೆ ಆರಿಸುತ್ತಿದ್ದೆ.

ಅದೇ ವಾರ ಮೂಡಲಗಿಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಲಿಯಿಂದ ಬಿದ್ದ ಕಬ್ಬಿಣದ ಚೂರು ನಮ್ಮ ಒಂದು ಗಾಲಿಯನ್ನು ಸೀಳಿತು. ಒಳ್ಳೆಯ ಸ್ಟೆಪ್ನಿ ಅದರ ಜಾಗಕ್ಕೆ ಹೋಯಿತು. ಆ ಅಳತೆಯ ಹೊಸ ಟೈರು ಈಗ ಸುಲಭಕ್ಕೆ ಸಿಗುವುದಿಲ್ಲ, ಕೊಲ್ಲಾಪುರದಿಂದ ತರಿಸುತ್ತೇನೆ, ಎಂಟು ದಿನ ತಡೆಯಿರಿ ಎಂದು ಚಾಚಾ ಹೇಳಿದರು. ಬರಿಗೈಯಲ್ಲಿ ಕಳಿಸುವ ಮನುಷ್ಯರಲ್ಲ. ಅಲ್ಲಿಯ ತನಕ ಹಿಂದಿನ ತೋಳಿಗೆ ಇರಲಿ ಎಂದು ಮೂಲೆಯಿಂದ ಅದೇ ಅಳತೆಯ ಒಂದು ಹಳೆಯದನ್ನು ತೆಗೆದು, ಹೊಡೆದು, ಕೇಳಿ, ಮೂಸಿ, ಅದರ ಮೇಲೆ ಅಗಲವಾಗಿ ಬರೆದರು: "ಊರ ಮಟ ಅಷ್ಟ". ಬಾಯಿಂದಲೂ ಹೇಳಿದರು. ಇದನ್ನು ಹಾಕುವ ಪ್ರಸಂಗ ಬಂದರೆ ಹಿಂದಿನ ಗಾಲಿಗೆ ಮಾತ್ರ, ಸಾವಕಾಶ, ಸಿಕ್ಕ ಮೊದಲ ಅಂಗಡಿಯಲ್ಲಿ ನಿಂತು ಮೂಲ ಗಾಲಿ ತಿದ್ದಿಸಿಕೊಳ್ಳಿರಿ ಎಂದು.

ಬೀಗರನ್ನು ಕರೆತರುವ ದಿನ ಬೆಳಿಗ್ಗೆ ಗಾಡಿ ತೊಳೆದೆ, ಪರದೆ ಬದಲಿಸಿದೆ, ಹಿಂದಕ್ಕೆ ಹೋಗಿ ನೋಡಿದೆ. ಬಾಗಿಲ ಮುಂದೆಯೇ ಹಳದಿ ಅಕ್ಷರ ಕೂತಿತ್ತು. ಬೀಗರು ಗಾಡಿ ಹತ್ತುವಾಗ ಮೊದಲು ಕಾಣುವುದೇ ಅದು. ಬೀಗರ ತಮ್ಮ ಬಂದರಂತೂ ಆಯಿತು. ಸೊಸೆಯ ತವರಿನವರ ಗಾಡಿ ಊರ ಮಟ ಅಷ್ಟ ಎಂದು ಹುಕ್ಕೇರಿಯ ತುಂಬ ಹೇಳಿಕೊಂಡು ತಿರುಗುತ್ತಾನೆ. ನಮ್ಮವರು ಸ್ನಾನಕ್ಕೆ ಹೋಗಿದ್ದರು. ನಾನು ಹಳೆಯ ಚಿಂದಿಗೆ ಚಿಮಣಿ ಎಣ್ಣೆ ಹಾಕಿ ತಿಕ್ಕಿದೆ. ಪೇಂಟು ಇನ್ನೂ ಪೂರ್ತಿ ಒಣಗಿರಲಿಲ್ಲ, ಬೇಗ ಬಿಟ್ಟಿತು. ಹಳದಿಯ ಛಾಯೆ ಉಳಿದಲ್ಲಿ ನಮ್ಮವರ ಬೂಟಿನ ಪಾಲಿಶ್ ತಂದು ಹಚ್ಚಿ ಉಜ್ಜಿದೆ. ಹೊಸ ಟೈರಿನ ಹಾಗೆ ಮಿಂಚಿತು. ನನ್ನ ಕೈಯಿಂದ ಕಲಿತ ಅಕ್ಷರವನ್ನು ನಾನೇ ಅಳಿಸುತ್ತಿದ್ದೇನೆ ಎಂಬ ಯೋಚನೆ ಸಹ ಬರಲಿಲ್ಲ. ಚೆಂದ ಕಂಡಿತು ಅಷ್ಟೇ.

ಹುಕ್ಕೇರಿಗೆ ಇನ್ನು ನಾಲ್ಕು ಹರದಾರಿ ಇರುವಾಗ ಹಿಂದಿನ ಎಡಗಾಲಿ ಪಂಕ್ಚರಾಯಿತು. ಇಬ್ಬರೂ ಸೇರಿ, ಚಾಚಾ ಕಲಿಸಿದ ಹಾಗೆ, ಬಿಚ್ಚಿ ಆ ಸ್ಟೆಪ್ನಿ ಹಾಕಿದೆವು. ಅಕ್ಷರ ಎಲ್ಲಿ ಹೋಯಿತು ಎಂದು ನಮ್ಮವರು ಕೇಳಿದರು. ತೆಗೆದೆ ಅಂದೆ. ಅವರು ನನ್ನ ಮುಖ ನೋಡಿ ನಟ್ಟು ಬಿಗಿದರು. ಹುಕ್ಕೇರಿಯ ಹೆಬ್ಬಾಗಿಲಲ್ಲೇ ಒಂದು ಪಂಕ್ಚರ್ ಅಂಗಡಿ ಇತ್ತು, ನಿಲ್ಲಿಸಲು ಹೋದರು. ಬೀಗರು ತಯಾರಾಗಿ ಕಟ್ಟೆಯ ಮೇಲೆ ಕೂತಿರುತ್ತಾರೆ, ಈಗ ಬೇಡ ಅಂದೆ. ಬರುವಾಗ ಮತ್ತೆ ನಿಲ್ಲಿಸಲು ಹೋದರು. ಆಗ ಬೀಗರು, ಬೀಗತಿ, ಮಗಳು, ಎಲ್ಲ ಒಳಗಿದ್ದರು. ಮೊದಲ ಸಲ ಹತ್ತಿದ ಬೀಗರನ್ನು ಪಂಕ್ಚರ್ ಅಂಗಡಿಯ ಮುಂದೆ ಬಿಸಿಲಲ್ಲಿ ಕೂಡ್ರಿಸುವುದೇ? ನಾನು ಕಣ್ಣಿನಿಂದಲೇ ಬೇಡ ಅಂದೆ. ನಮ್ಮವರು ಮುಂದೆ ಬಿಟ್ಟರು.

ಅರ್ಧ ದಾರಿಗೆ ಅದು ಸಿಡಿಯಿತು. ಗಾಡಿ ಎಡಕ್ಕೆ ವಾಲಿ, ರಸ್ತೆ ಇಳಿದು, ಜಾಲಿ ಮರಕ್ಕೆ ಆತು ನಿಂತಿತು. ಉಳಿದವರಿಗೆ ಗೀರುಗಾಯ. ಬೀಗರು ಮಂಚದಿಂದ ಎಗರಿ ನೀರಿನ ಡ್ರಮ್ಮಿಗೆ ಬಡಿದಿದ್ದರು; ಎಡ ಹೆಗಲ ಎಲುಬು ಮುರಿದಿತ್ತು. ನೋವಿನಲ್ಲೂ ಆ ಮನುಷ್ಯ ಫಾಲ್ಸ್ ನೋಡುವುದು ಉಳಿಯಿತಲ್ಲ ಎಂದು ನಗೆ ಮಾಡಿದರು. ನನಗೆ ಆ ನಗೆ ಇನ್ನೂ ಕೇಳಿಸುತ್ತದೆ.

ಮರುದಿನ ಅವರ ತಮ್ಮ ಜೀಪಿನಲ್ಲಿ ಬಂದ. ಅಣ್ಣನನ್ನು ದವಾಖಾನೆಯಲ್ಲಿ ನೋಡಿ, ಹರಿದ ಟೈರನ್ನು ಜೀಪಿಗೆ ಹಾಕಿಕೊಂಡು, ಇದನ್ನು ಕೊಟ್ಟವನನ್ನು ತೋರಿಸಿರಿ ಅಂದ. ನಾವಿಬ್ಬರೂ ಹತ್ತಿದೆವು. ಇಳಿಯುವ ತನಕ ನಾನು ನಿಜ ಹೇಳುತ್ತೇನೆ ಎಂದೇ ಅಂದುಕೊಂಡಿದ್ದೆ.

ಅಂಗಡಿಯ ಮುಂದೆ ಎಂಟು ಹತ್ತು ಜನ ಗಿರಾಕಿಗಳಿದ್ದರು. ಅವನು ಟೈರನ್ನು ಚಾಚಾನ ಕಾಲ ಬಳಿ ಒಗೆದ.

"ಸತ್ತ ಟೈರು ಕಟ್ಟಿ ಕಳಸ್ತೀ ಏನಲೇ? ನಮ್ಮಣ್ಣ ಹೋಗಿದ್ರ ತಂದು ಕೊಡ್ತಿದ್ದಿ?"

ಚಾಚಾ ಮೊದಲು ಕೇಳಿದ್ದು, ಅಣ್ಣಾವರು ಆರಾಮ ಅದಾರಲ್ರಿ ಎಂದು. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಟೈರನ್ನು ಹೊರಳಿಸಿದರು. ಒಂದು ಬದಿ ನೋಡಿದರು, ಇನ್ನೊಂದು ಬದಿ ನೋಡಿದರು. ತಮ್ಮ ಅಕ್ಷರ ಹುಡುಕುತ್ತಿದ್ದರು. ಬರೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿ, ಮೂಗಿನ ಹತ್ತಿರ ಒಯ್ದರು. ಅಲ್ಲೇ ನಿಲ್ಲಿಸಿದರು.

ತಲೆ ಎತ್ತಿ ಚಸ್ಮಾದ ಮೇಲಿಂದ ನನ್ನನ್ನು ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ಟೈರು ಹೊರಳಿಸಿ ತಂದು ನನ್ನೆದುರು ನಿಲ್ಲಿಸಿ, ಸರಿ ಇದೆಯಾ ಎಂದು ಕೇಳುವಾಗಿನ ಅದೇ ನೋಟ. ಈಗ ಮಾತಾಡುವುದು ನನ್ನ ಪಾಳಿ. ನನ್ನ ಎದುರಿಗೆ ಬೀಗರ ತಮ್ಮ ನಿಂತಿದ್ದ. ಎರಡು ತಿಂಗಳ ಮದುವಣಗಿತ್ತಿ ಆ ಮನೆಯಲ್ಲಿ ನಾಳೆಯಿಂದ ಏನೇನು ಕೇಳಬೇಕು ಎಂದು ನನ್ನ ಕಣ್ಣಿಗೆ ಕಟ್ಟಿತು. ಸ್ವಂತ ಬೀಗರನ್ನು ಗೊತ್ತಿದ್ದೂ ಗೊತ್ತಿದ್ದೂ ಕೂಡ್ರಿಸಿಕೊಂಡು ಬಂದವರ ಮಗಳು. ನಮ್ಮವರ ಬಾಯಿ ತೆರೆಯಿತು. ನಾನು ಸೆರಗಿನ ಮರೆಯಲ್ಲಿ ಅವರ ಮಣಿಕಟ್ಟು ಹಿಡಿದು ಅದುಮಿದೆ.

ಚಾಚಾ ಅದನ್ನೂ ನೋಡಿದರು. ಮೊಣಕಾಲ ಮೇಲೆ ಕೈಯೂರಿ ಎದ್ದರು.

"ಇದರ ಮ್ಯಾಲೆ ಬರ್ಯೂದು ಮರತೆ ನಾನು. ತಪ್ಪು ನಂದ ಐತ್ರಿ."

ಕೌಜಲಗಿಯ ಒಬ್ಬ ಹಳೆಯ ಡ್ರೈವರು ಮುಂದೆ ಬಂದು, ಚಾಚಾ ಮರೆಯುವುದೆಂದರೇನು, ಆಗದ ಮಾತು ಅಂದ. "ವಯಸ್ಸಾತಪಾ," ಎಂದು ಚಾಚಾನೇ ಅವನ ಬಾಯಿ ಮುಚ್ಚಿಸಿದರು. ಬೀಗರ ತಮ್ಮ ಅವರ ಅಂಗಿಯ ಕಾಲರು ಹಿಡಿದ, ಬಾಯಿಗೆ ಬಂದದ್ದು ಆಡಿದ. ಜನ ಬಿಡಿಸಿದರು. ನಾನು ನಿಂತೇ ಇದ್ದೆ. ಪಾಠ ಹೇಳುವಾಗ ಸತ್ಯ ನುಡಿಯಿರಿ ಎಂದು ಎಷ್ಟು ತರಗತಿಗಳಿಗೆ ಹೇಳಿದ್ದೇನೋ, ಆ ಬಾಯಿ ಅವತ್ತು ನನ್ನ ಮುಖದಲ್ಲೇ ಇತ್ತು.

ಸುದ್ದಿಗೆ ಗಾಲಿ ಬೇಕಾಗಲಿಲ್ಲ. ಚಾಚಾ ಬರೆಯುವುದನ್ನು ಮರೆತನಂತೆ, ಒಬ್ಬರ ಎಲುಬು ಮುರಿಯಿತಂತೆ. ಬರೆಯದ ಟೈರು ಕಣ್ಣು ಮುಚ್ಚಿ ಹಾಕುತ್ತಿದ್ದವರು ಈಗ ಅದೇ ಟೈರಿಗೆ ಹೆದರಿದರು. ಒಯ್ದವರು ತಿರುಗಿ ತಂದು ಇಟ್ಟರು. ಪೆನ್ನು ಕೊಡಲೇನು ಚಾಚಾ ಎಂದು ಎಳೆಯ ಡ್ರೈವರುಗಳು ಅಣಕಿಸಿದರು. ಯಾರೂ ಅಂಗಡಿ ಮುಚ್ಚಿಸಲಿಲ್ಲ, ಅವರೇ ಹಳೆಯ ಟೈರು ಮಾರುವುದನ್ನು ಬಿಟ್ಟರು. ಬರೆದದ್ದನ್ನು ಜನ ನಂಬದಿದ್ದರೆ ಬರೆಯುವುದೇಕೆ ಎಂದರಂತೆ. ಇದ್ದ ಟೈರೆಲ್ಲ ಗುಜರಿಗೆ ಹೋದವು. ಉಳಿದದ್ದು ಪಂಕ್ಚರ್ ಕೆಲಸ, ಗಾಳಿ ಹಾಕುವುದು. ಹಳದಿ ಪೇಂಟಿನ ಡಬ್ಬಿ ಮಾತ್ರ ಗೂಡಿನಲ್ಲೇ ಇತ್ತು, ಮುಚ್ಚಳ ಕಚ್ಚಿಕೊಂಡು.

ಎಂಟನೆಯ ದಿನ, ಹೇಳಿದ ಮಾತಿನಂತೆ, ಕೊಲ್ಲಾಪುರದ ಹೊಸ ಟೈರು ಹೊತ್ತು ನಮ್ಮ ಮನೆಗೆ ಬಂದರು. ಅಳಿಯ ಅವತ್ತು ಮನೆಯಲ್ಲಿದ್ದ. ಚಾಚಾ ಸ್ಟೆಪ್ನಿಯನ್ನು ತೋಳಿಗೆ ಬಿಗಿದು, ಪಿನ್ನು ಎರಡು ಸಲ ಎಳೆದು ನೋಡಿದರು. "ಹೊಸಾದೈತ್ರಿ ಅಕ್ಕೋರ. ಇದರ ಮ್ಯಾಲೆ ಬರ್ಯೂದು ಏನೂ ಇಲ್ಲ," ಎಂದು ಹೋದರು. ಚಹಾ ಕುಡಿಯಲು ನಾನು ಕರೆಯಲೂ ಇಲ್ಲ, ಅಳಿಯನ ಎದುರಿಗೆ ಬಾಯಿ ಜಾರೀತೆಂದು.

ಆಮೇಲೆ ಹೇಳುತ್ತೇನೆ ಅಂದುಕೊಂಡೆ. ಮಗಳು ಆ ಮನೆಯಲ್ಲಿ ಊರಲಿ ಅಂದೆ. ಅವಳು ಊರಿದಳು, ಮೊದಲ ಮಗು ಆಯಿತು, ಎರಡನೆಯದಾಯಿತು, ಅತ್ತೆ ಬೀಗದ ಕೈ ಕೊಟ್ಟರು, ಚುಚ್ಚುತ್ತಿದ್ದ ಚಿಕ್ಕಮಾವನೇ ಈಗ ಅವಳನ್ನು ಕೇಳದೆ ಅಂಗಡಿಯ ಸರಕು ತರಿಸುವುದಿಲ್ಲ. ಸುಮ್ಮನಿರಲು ಇದ್ದ ಕಾರಣ ಎಂದೋ ಮುಗಿದುಹೋಗಿತ್ತು, ಸುಮ್ಮನಿರುವುದು ಮಾತ್ರ ಮುಗಿಯಲಿಲ್ಲ. ಹೋಗಿ ಹೇಳು, ಇಲ್ಲವೆ ನಾನೇ ಹೇಳುತ್ತೇನೆ ಎಂದು ನಮ್ಮವರು ಎರಡು ಮೂರು ಸಲ ಅಂದರು. ಅಂಗಡಿಯ ತನಕ, ಕೆಲವೊಮ್ಮೆ ಅವರ ಮನೆಯ ತನಕವೂ ಹೋಗುತ್ತಿದ್ದೆ. ಯಾರಾದರೂ ಇರುತ್ತಿದ್ದರು. ಯಾರೂ ಇಲ್ಲದಿದ್ದಾಗ ಅವರ ಮಗಳ ಮದುವೆಯ ಮಾತೋ, ಮಂಡಿ ನೋವಿನ ಮಾತೋ ಬರುತ್ತಿತ್ತು. ಅವರು ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ಕಾಯುತ್ತಿದ್ದರು, ಟೈರಿಗೆ ಪೆಟ್ಟು ಹಾಕಿ ಕಾಯುತ್ತಿದ್ದ ಹಾಗೆ. ಒಳಗಿನಿಂದ ಉತ್ತರ ಬರುತ್ತಿರಲಿಲ್ಲ. ಆಗ ತಾವೇ ಮಾತು ತಿರುಗಿಸುತ್ತಿದ್ದರು.

ಹೋದ ತಿಂಗಳು ಸುದ್ದಿ ಬಂದಾಗ ನಾನು ಸಂತೆಯಲ್ಲಿದ್ದೆ. ಚೀಲ ಅಲ್ಲೇ ಬಿಟ್ಟು ಬಂದೆ. ನಾಲ್ಕು ದಿನ ಕಳೆದ ಮೇಲೆ ಅವರ ಮನೆಗೆ ಹೋದೆ. ಅವರ ಮನೆಯಾಕೆ, ನಾನು ಭಾಬಿ ಅನ್ನುತ್ತೇನೆ, ಒಳಕೋಣೆಯಲ್ಲಿ ಬಿಳಿಯ ದುಪ್ಪಟ್ಟಾ ಹೊದ್ದು ಕೂತಿದ್ದರು. ಗಂಡ ತೀರಿದ ಮೇಲಿನ ಇದ್ದತ್ತಿನ ದಿನಗಳು, ಮನೆಯಿಂದ ಹೊರಗೆ ಬರುವಂತಿಲ್ಲ. ನಾನು ಬಾಗಿಲು ದಾಟಿದವಳೇ ಕೂಡುವ ಮೊದಲೇ ಹೇಳಿಬಿಟ್ಟೆ. ಚಿಮಣಿ ಎಣ್ಣೆ, ಚಿಂದಿ, ಪಾಲಿಶ್, ಎಲ್ಲ.

ಭಾಬಿ ಆಶ್ಚರ್ಯಪಡಲಿಲ್ಲ. ಎದ್ದರು. ಸೊಸೆಗೆ ಹೇಳದೆ ತಾವೇ ಒಲೆ ಹಚ್ಚಿ ಚಹಾಕ್ಕೆ ಇಟ್ಟರು. ಬೆನ್ನು ನನ್ನ ಕಡೆ ಇತ್ತು.

"ಅವತ್ತ ಮನಿಗೆ ಬಂದು ನನಗ ಹೇಳಿದ್ರು. ಹುಡುಗಿ ಹೊಸದಾಗಿ ಹೋಗ್ಯಾಳ, ಅಕ್ಕೋರ ಬಾಯಿ ಕಟ್ಟೇತಿ. ಒಂದಿನ ತಾವ ಬಂದು ಹೇಳ್ತಾರ. ಆವಾಗ ಏನೂ ಅನಬ್ಯಾಡ, ಚಾ ಮಾಡು, ಅಂದಿದ್ರು."

ಕಪ್ಪು ತಂದು ನನ್ನ ಕೈಗೆ ಕೊಟ್ಟರು. ಎದುರಿಗೆ ಕೂತರು.

"ನೀವು ಬಂದಾಗೊಮ್ಮೆ ಹಾಲು ನೋಡ್ತಿದ್ದೆ ನಾನು, ಇವತ್ತ ಹೇಳ್ತಾರೇನೋ ಅಂತ. ಹನ್ನೊಂದು ವರ್ಷ ಆತು ಅಕ್ಕೋರ. ಅವರಿದ್ದಾಗ ಬರಬೇಕಿತ್ತು."

ಚಹಾ ಕುಡಿದೆ. ಬೇಡ ಅನ್ನುವ ಹಕ್ಕು ನನಗಿರಲಿಲ್ಲ. ಹೊರಡುವಾಗ ಅವರು ಇನ್ನೊಂದು ಮಾತು ಕೇಳಿದರು, ಬಹಳ ಸಣ್ಣ ದನಿಯಲ್ಲಿ. "ನನಗ ಹೇಳಿದ್ರಿ. ಅವತ್ತ ಅಂಗಡಿ ಮುಂದ ನಿಂತಾವ್ರಿಗೆ ಯಾರು ಹೇಳ್ತಾರ್ರಿ?"

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಎಂಟು ಹತ್ತು ಜನರಲ್ಲಿ ಯಾರಾದರೂ ಓದಬಹುದು, ಅವರ ಮಕ್ಕಳಾದರೂ ಓದಿ ಹೇಳಬಹುದು: ಚಾಚಾ ಮರೆತಿರಲಿಲ್ಲ. ಅಗಲವಾಗಿ, ದುಂಡಗೆ, ಒಂದು ತಪ್ಪಿಲ್ಲದೆ ಬರೆದಿದ್ದರು.

ಬರೆಯುವ ಮುನ್ನ ಒಂದು ಕೆಲಸವಿತ್ತು. ಅಪಘಾತದ ಮೇಲೆ ಗಾಡಿಮನಿ ಹೆಚ್ಚು ಓಡಿಲ್ಲ. ಚಾಚಾ ಕೊಲ್ಲಾಪುರದಿಂದ ತಂದ ಸ್ಟೆಪ್ನಿ ಇಂದಿಗೂ ಆ ತೋಳಿನ ಮೇಲೇ ಇದೆ, ಒಮ್ಮೆಯೂ ರಸ್ತೆಗೆ ಇಳಿದಿಲ್ಲ. ಹೂವು ಹಾಗೇ ಇದೆ. ಆದರೆ ಅವರು ಓದಿಸಿದ ನಾಲ್ಕು ಅಂಕಿ ಓದಿದೆ, ಹತ್ತಿರ ಕೂತು ನೋಡಿದೆ. ಕೂದಲೆಳೆಯಂಥ ಬಿರುಕು ಬಂದಿದ್ದವು. ಹಳದಿ ಪೇಂಟು ತಂದು, ಟೈರಿನ ದುಂಡಿಗೆ ಬಾಗಿಸಿ, ರಸ್ತೆಗೆ ಕಾಣುವ ಹಾಗೆ ಬರೆದೆ. ಊರ ಮಟ ಅಷ್ಟ. ಒಂದು ಅಕ್ಷರ ಸೊಟ್ಟಾಯಿತು. ಅವರ ಅಕ್ಷರ ನನ್ನದಕ್ಕಿಂತ ಚೆನ್ನಾಗಿತ್ತು.

ಮೊನ್ನೆ ಮಗಳು ಮಕ್ಕಳನ್ನು ಕರೆದುಕೊಂಡು ಸಾಲಿಯ ಸೂಟಿಗೆ ಬಂದಳು. ಕಳಿಸಲು ಬೀಗರೂ ಬಂದಿದ್ದರು. ಚಹಾದ ಕಪ್ಪು ಹಿಡಿದುಕೊಂಡೇ ಅಂಗಳದಲ್ಲಿ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹಿಂದೆ ನಿಂತು ಓದಿ, ಎಂದಿನಂತೆ ನಗೆ ಶುರು ಮಾಡಿದರು.

"ಏನ್ರಿ ಬೀಗತಿಯವರ, ಈಗ ಟೈರಿಗೂ ಸಾಲಿ ಕಲಸಾಕತ್ತೀರಿ? ಮಳಿ ಬಂದ್ರ ಅಳಿಸಿ ಹೋಗೂದಿಲ್ಲೇನು ಇದು?"

"ಮಳಿಗ ಹೋಗೂದಿಲ್ರಿ," ಅಂದೆ. "ಚಿಮಣಿ ಎಣ್ಣಿ ಹಾಕಿ ತಿಕ್ಕಿದ್ರ ಹೋಗತೈತಿ. ಹನ್ನೊಂದು ವರ್ಷದ ಹಿಂದ ನೀವು ಇದರಾಗ ಹತ್ತಿದ ದಿನ, ನಾನ ತಿಕ್ಕಿ ತಗದಿದ್ದೆ."

ಬೀಗರ ನಗೆ ಮುಖದ ಮೇಲೇ ನಿಂತಿತು. ಬಲಗೈಯಲ್ಲಿದ್ದ ಕಪ್ಪನ್ನು ಕಟ್ಟೆಯ ಮೇಲಿಟ್ಟು, ಆ ಕೈಯಿಂದ ಮೆಲ್ಲಗೆ ಎಡ ಹೆಗಲು ಹಿಡಿದುಕೊಂಡರು. ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ಅವಳನ್ನು ಒಳಗೆ ಹೋಗು ಅನ್ನಲಿಲ್ಲ.